ಹಳೆ ಅಕ್ಕಿ, ಹಳೆ ವೈನು ಮತ್ತು ತಾಳ್ಮೆಯ ಬೆಲೆ

ಫ್ರಾನ್ಸಿನ ಬೋರ್ಡೋ ಕಡೆಯ ಒಳ್ಳೆ ಕೆಂಪು ವೈನು ಎಳೆಯದಿದ್ದಾಗ ಕಡುನೇರಳೆ ಬಣ್ಣ, ಹಣ್ಣಿನ ಘಮ, ಜೊತೆಗೆ ಅಡಿಕೆ ಅಗಿದಂತೆ ನಾಲಿಗೆ ಹಿಡಿಯುವ ಒಗರು. ಹದಿನೈದಿಪ್ಪತ್ತು ವರ್ಷ ತಂಪು ಕತ್ತಲಲ್ಲಿ ಮಲಗಿಸಿಟ್ಟರೆ ಅಂಚು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತೆ. ಒಗರು ಕೊಡುವ ಟ್ಯಾನಿನ್‌ಗಳು ಒಂದಕ್ಕೊಂದು ಬೆಸೆದು, ಒಂದಷ್ಟು ಗಸಿಯಾಗಿ ತಳ ಸೇರುತ್ತವೆ. ಹಣ್ಣಿನ ಘಮ ಹಿಂದೆ ಸರಿದು ಹಳೆ ಚರ್ಮ, ತಂಬಾಕು, ಒದ್ದೆ ತರಗೆಲೆಯ ವಾಸನೆ ಮೇಲೆ ಬರುತ್ತೆ. ಬಲ್ಲವರು ಇದನ್ನ ವೈನಿನ 'ವ್ಯಕ್ತಿತ್ವ' ಅಂತಾರೆ.

ಇದೆಲ್ಲ ಶ್ರೀಮಂತರ ಶೋಕಿ ಅನ್ನಿಸಿದರೆ ನಿಮ್ಮ ಅಡುಗೆಮನೆಯ ಅಕ್ಕಿ ಚೀಲ ನೋಡಿ. ಗಂಗಾವತಿಯ ಸೋನಾ ಮಸೂರಿಗೂ ವಯಸ್ಸಿನ ಲೆಕ್ಕ ಇದೆ. ಹೊಸ ಅಕ್ಕಿ ಬೇಗ ಮುದ್ದೆಯಾಗುತ್ತೆ. ವರ್ಷ ಕಳೆದ ಅಕ್ಕಿ ಹೆಚ್ಚು ನೀರು ಕುಡಿಯುತ್ತೆ, ಅನ್ನ ಉದುರುದುರಾಗುತ್ತೆ, ಚೆನ್ನಾಗಿ ಒದಗುತ್ತೆ. ಅದಕ್ಕೇ ಹಳೆ ಅಕ್ಕಿಗೆ ರೇಟು ಜಾಸ್ತಿ.

ಹಾಗಾದರೆ ಆ ಹೆಚ್ಚಿನ ದುಡ್ಡು ಯಾರಿಗೆ ಸೇರಬೇಕು? ಭತ್ತ ಬೆಳೆದವರಿಗಾ, ಕಾದವರಿಗಾ?

ತುಂಗಭದ್ರಾ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಮುಂಗಾರು ಭತ್ತ ಕಟಾವಾಗೋದು ನವೆಂಬರ್-ಡಿಸೆಂಬರಿನಲ್ಲಿ. ಗೊಬ್ಬರದ ಬಾಕಿ, ಮಷಿನ್ ಬಾಡಿಗೆ, ಮುಂದಿನ ಬೆಳೆಯ ಖರ್ಚು ಎಲ್ಲ ಅದೇ ಹೊತ್ತಿಗೆ ಬಾಗಿಲಲ್ಲಿ ನಿಂತಿರುತ್ತವೆ. ಸಣ್ಣ ರೈತ ಹಸಿ ಭತ್ತವನ್ನೇ ಮಾರುತ್ತಾನೆ. ಅದು ಹಳೆಯದಾಗೋದು ಬೇರೆಯವರ ಗೋದಾಮಿನಲ್ಲಿ.

ಗೋದಾಮಿನವರು ಸುಮ್ಮನೆ ಕೂತಿರಲ್ಲ, ನಿಜ. ಹುಳ, ತೇವ, ಬಡ್ಡಿ, ರೇಟು ಬೀಳುವ ಭಯ ಎಲ್ಲ ಅವರ ತಲೆ ಮೇಲೆ. ಕಾಯೋದೂ ಕೆಲಸವೇ. ಆದರೆ ರೈತನೂ ನಾಟಿಯಿಂದ ಕಟಾವಿನವರೆಗೆ ಕಾದಿದ್ದಾನಲ್ಲ? 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋದಾಗ ನೀರು ಉಳಿಯುತ್ತೋ ಇಲ್ಲವೋ ಅಂತ ಅವನು ಜೀವ ಕೈಲಿ ಹಿಡಿದು ಕಾದ. ಆ ಕಾಯುವಿಕೆಗೆ ಚೀಲದ ಮೇಲೆ ಲೇಬಲ್ ಇಲ್ಲ.

'ತಾಳಿದವನು ಬಾಳಿಯಾನು' ಅಂತೀವಿ. ತಾಳ್ಮೆ ಸ್ವಭಾವದ ಗುಣ, ಅದಿದ್ದವನು ಗೆಲ್ತಾನೆ ಅನ್ನೋ ನಂಬಿಕೆ ಅದು. ನಾವೂ ಎಸ್‌ಐಪಿ ಹಾಕಿ ಹತ್ತು ವರ್ಷ ಮುಟ್ಟದೇ ಇದ್ದರೆ ಅದನ್ನ ನಮ್ಮ ಶಿಸ್ತು ಅಂದ್ಕೋತೀವಿ. ಹತ್ತು ವರ್ಷ ಮುಟ್ಟುವ ಪ್ರಸಂಗ ಬರದಷ್ಟು ಸಂಬಳ ಇತ್ತು ಅನ್ನೋದು ಲೆಕ್ಕಕ್ಕೇ ಬರಲ್ಲ. ಬಾಳೋಕೆ ಸಾಕಷ್ಟು ಇದ್ದವನೇ ತಾಳಬಲ್ಲ. ತಾಳ್ಮೆ ಗುಣವೂ ಹೌದು, ಬಂಡವಾಳವೂ ಹೌದು.

ಯಲಬುರ್ಗಾ, ಕುಷ್ಟಗಿಯ ಒಣಭೂಮಿ ಸೇರಿ ಉತ್ತರ ಕರ್ನಾಟಕದ ಹಳ್ಳಿಗಳಿಗೆ ಕೂಡಿಡೋದು ಗೊತ್ತಿಲ್ಲದ್ದೇನಲ್ಲ. ನೆಲದೊಳಗೆ ಹಗೇವು ತೋಡಿ ಜೋಳ ತುಂಬಿಡುತ್ತಿದ್ದರು. ಅದು ರುಚಿಗಲ್ಲ, ಬರಗಾಲಕ್ಕೆ. ಅಲ್ಲಿ ಕಾಯೋದು ಅಂದರೆ ಉಳಿಯೋದು.

ಬೋರ್ಡೋದಲ್ಲಿ ಒಂದು ಪದ್ಧತಿ ಇದೆ. ಹೆಸರಾದ ತೋಟಗಳ ವೈನು ಇನ್ನೂ ಪೀಪಾಯಿಯಲ್ಲಿರುವಾಗಲೇ ಮಾರಾಟವಾಗುತ್ತೆ. ಬಾಟಲಿ ಕೈಗೆ ಬರೋದು ಸುಮಾರು ಎರಡು ವರ್ಷದ ಮೇಲೆ, ಹದಕ್ಕೆ ಬರೋದು ಇನ್ನೂ ಎಷ್ಟೋ ವರ್ಷಕ್ಕೆ. ಆ ತೋಟಗಳವರೇನೂ ಬಡವರಲ್ಲ. ಆದರೆ ಅಲ್ಲಿರುವ ನ್ಯಾಯ ಸರಳ: ಹಳೆಯ ರುಚಿ ಬೇಕಾದವನು ಮೊದಲೇ ದುಡ್ಡು ಕೊಟ್ಟು ತಾನೇ ಕಾಯಲಿ.

ಗಂಗಾವತಿಯಲ್ಲಿ ಇದು ಆಗಬಾರದಾ? ಪರಿಚಯದ ರೈತ ಕುಟುಂಬದಿಂದ ನಾಲ್ಕೈದು ಮನೆಯವರು ಸೇರಿ ಹೊಸ ಅಕ್ಕಿ ಕೊಳ್ಳಬಹುದು, ದುಡ್ಡು ಕಟಾವಿಗೆ ಮೊದಲೇ ಕೊಡಬಹುದು, ಡಬ್ಬಿ ತುಂಬಿ ವರ್ಷ ಕಾಯಬಹುದು. ಇದರಿಂದ ವ್ಯವಸ್ಥೆ ಬದಲಾಗಲ್ಲ. ಆದರೆ ತಾಳ್ಮೆಯ ಖರ್ಚು, ಅದನ್ನು ಹೊರಬಲ್ಲವರ ಹೆಗಲಿಗೆ ಬರುತ್ತೆ.