ನೂರು ನಿಮಿಷದ ಮನೆ

ಕಳೆದ ದೀಪಾವಳಿ ರಜೆಯಲ್ಲಿ ಮಗ ಮೈನ್‌ಕ್ರಾಫ್ಟ್ ಬೇಕೆಂದು ಹಟ ಹಿಡಿದ. ಆರನೇ ಕ್ಲಾಸಿನ ಹುಡುಗ. ಅವನ ಗೆಳೆಯರೆಲ್ಲರ ಹತ್ತಿರವೂ ಇದೆಯಂತೆ. ನಾನೋ ಐಟಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರ್, ಪರೀಕ್ಷಿಸದೆ ಏನನ್ನೂ ಕೊಳ್ಳುವವನಲ್ಲ. "ಮೊದಲ ಫ್ರೀ ಟ್ರಯಲ್ ಆಡೂಣು, ಆಮ್ಯಾಲೆ ನೋಡೂಣು" ಅಂದೆ. ನಾಶಿಕದಲ್ಲಿ ಹುಟ್ಟಿ ಬೆಳೆದ ಅವನಿಗೆ ನಮ್ಮ ಧಾರವಾಡದ ಮಾತು ಮನೆಯೊಳಗೆ ಮಾತ್ರ.

ಆ ಆಟದ ಬಗ್ಗೆ ಗೊತ್ತಿಲ್ಲದವರಿಗೆ ಎರಡು ಮಾತು. ಅಲ್ಲಿ ಇಡೀ ಜಗತ್ತು ಚೌಕ ತುಂಡುಗಳಿಂದ ಆಗಿದೆ. ಮರ ಕಡಿಯಬಹುದು, ಕಲ್ಲು ಅಗೆಯಬಹುದು, ಅವನ್ನೇ ಪೇರಿಸಿ ಮನೆ ಕಟ್ಟಬಹುದು. ಕತ್ತಲಾದರೆ ಭೂತಗಳು ಬರುತ್ತವೆ. ಆದ್ದರಿಂದ ಬಾಗಿಲು ಬೇಕು, ದೀಪ ಬೇಕು. ಅದರ ಜಾವಾ ಆವೃತ್ತಿಯ ಟ್ರಯಲ್‌ನಲ್ಲಿ ಸಿಗುವುದು ಆಟದ ಐದು ದಿನ. ಒಂದು ದಿನವೆಂದರೆ ನಮ್ಮ 20 ನಿಮಿಷ, ಒಟ್ಟು 100 ನಿಮಿಷ. ಅದಾದ ಮೇಲೆ ಕಟ್ಟಿದ್ದನ್ನು ನೋಡಬಹುದೇ ಹೊರತು ಒಂದು ಕಲ್ಲನ್ನೂ ತೆಗೆಯಲಾಗದು, ಇಡಲಾಗದು. ಇನ್ನೊಂದು ವಿಶೇಷವಿದೆ. ಟ್ರಯಲ್ ಆಡುವ ಎಲ್ಲರಿಗೂ ಸಿಗುವುದು ಒಂದೇ ಜಗತ್ತು: ಅದೇ ಬೆಟ್ಟ, ಅದೇ ನೀರು.

ಅವನು ಮನೆಯ ಕಂಪ್ಯೂಟರಿನಲ್ಲಿ, ನಾನು ನನ್ನ ಲ್ಯಾಪ್‌ಟಾಪಿನಲ್ಲಿ ಶುರುಮಾಡಿದೆವು. ನನ್ನದು ಲೆಕ್ಕಾಚಾರದ ಆಟ. ಮರ ಕಡಿದೆ, ಕಲ್ಲು ಕೂಡಿಹಾಕಿದೆ, ರಾತ್ರಿಯಾದಾಗ ಗುಡ್ಡದಲ್ಲಿ ಒಂದು ಬಿಲ ತೋಡಿ ಅಡಗಿ ಕುಳಿತೆ. ಹೇಗೂ ಮುಗಿಯುವುದಕ್ಕೆ ಮನೆ ಯಾಕೆ? ನಾಲ್ಕನೇ ದಿನ ಅವನ ಪರದೆಯ ಕಡೆ ಕಣ್ಣು ಹೋಯಿತು. ನೀರಿನ ದಂಡೆಗೆ ಮರದ ಮನೆ, ದಾರಿಯುದ್ದಕ್ಕೂ ಪಂಜು, ಬಾಗಿಲ ಮುಂದೆ ಹೂಗಿಡ.

"ಅರ್ಧ ತಾಸಿನ್ಯಾಗ ಎಲ್ಲಾ ಲಾಕ್ ಆಗ್ತದ. ಹೂ ಯಾಕ ಹಚ್ಚಲಿಕ್ಕತ್ತೀ?"

"ಇವತ್ತ ನಾ ಇಲ್ಲೇ ಇರ್ತೀನಲ್ಲ ಪಪ್ಪಾ" ಅಂದ, ಪರದೆಯಿಂದ ಕಣ್ಣು ತೆಗೆಯದೆ.

ಸಮಯ ಮುಗಿದಾಗ ಅವನಿಗೆ ನೋಡಲು ಒಂದು ಮನೆಯಿತ್ತು. ನನಗೆ ಒಂದು ಬಿಲ, ಬಳಸದೆ ಉಳಿದ ಒಂದು ರಾಶಿ ಕಲ್ಲು.

ನಾಶಿಕಕ್ಕೆ ಬಂದು ಹದಿಮೂರು ವರ್ಷವಾಯಿತು. ಇದು ಮೂರನೇ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆದಿಲ್ಲ. ಮತದಾರರ ಚೀಟಿ ಇನ್ನೂ ಧಾರವಾಡದ್ದೇ, ಆದರೆ ಮತ ಹಾಕಲು ಅಲ್ಲಿಗೆ ಹೋಗುವುದಿಲ್ಲ. ಅಲ್ಲಿ ಕೊಂಡಿಟ್ಟ ಸೈಟಿನಲ್ಲಿ ಕಾಂಗ್ರೆಸ್ ಕಸ ಎದೆಯೆತ್ತರ ಬೆಳೆದಿದೆ. ಮರಾಠಿ ತರಕಾರಿ ಕೊಳ್ಳುವಷ್ಟು ಬರುತ್ತದೆ. ಎರಡು ವರ್ಷದ ಹಿಂದೆ ನಮ್ಮ ಸೊಸೈಟಿಯ ಕಾರ್ಯದರ್ಶಿ ಕಾಕಾ ಬಾಗಿಲಿಗೆ ಬಂದಿದ್ದರು. ಬೋರ್‌ವೆಲ್ ಬತ್ತುತ್ತಿದೆ, ಮಳೆನೀರು ಇಂಗಿಸುವ ಹೊಂಡ ಮಾಡೋಣ, ಮನೆಗೆ ಆರು ಸಾವಿರ ಎಂದರು. "ಕಾಕಾ, ಮೀ ತರ್ ಭಾಡೇಕರೂ" ಅಂದೆ. ನಾನು ಬಾಡಿಗೆದಾರ, ಮಾಲೀಕರನ್ನು ಕೇಳಿ ಎಂದು. ಅವರು ಏನೂ ಹೇಳದೆ ಪಕ್ಕದ ಮನೆಯ ಗಂಟೆ ಒತ್ತಿದರು.

ನನ್ನ ಪರವಾಗಿ ವಾದಿಸಲು ಬರುವುದಿಲ್ಲ ಎಂದಲ್ಲ. ಟ್ರಯಲ್ ಇರುವುದೇ ತೂಗಿ ನೋಡಲಿಕ್ಕೆ. ಪ್ರಯೋಗಕ್ಕೆಂದು ಬರೆದ ಕೋಡ್‌ಗೆ ಬಣ್ಣ ಬಳಿಯಬೇಡಿ ಎಂದು ನನ್ನ ತಂಡಕ್ಕೆ ನಾನೇ ಹೇಳುತ್ತೇನೆ. ನಾಳೆ ಕಂಪನಿ ಪುಣೆಗೆ ಹೋಗು ಎಂದರೆ ಹೋಗುವವನು ಇಲ್ಲಿ ಬೇರು ಬಿಡುವುದು ಜಾಣತನವೇ? ಅದೂ ಸಾಲದಿದ್ದರೆ ನಮ್ಮ ಹಿರಿಯರ ಮಾತು ಇದ್ದೇ ಇದೆ: ಸ್ಥಾವರಕ್ಕಿಂತ ಜಂಗಮ ದೊಡ್ಡದು.

ಈ ವಾದ ಎಲ್ಲಿ ಸೋಲುತ್ತದೆ ಎಂದು ಬಹಳ ದಿನ ಯೋಚಿಸಿದೆ. ಆಟದ ಟ್ರಯಲ್ ಯಾರ ಪಾಲನ್ನೂ ಕಸಿಯುವುದಿಲ್ಲ. ನನ್ನ ಟ್ರಯಲ್ ಹಾಗಲ್ಲ. ಹದಿಮೂರು ವರ್ಷ ನಾನು ಕುಡಿದದ್ದು ಗಂಗಾಪುರ ಅಣೆಕಟ್ಟೆಯ ಗೋದಾವರಿ ನೀರು, ಅದು ಸಾಲದ ದಿನ ಇದೇ ಬೋರ್‌ವೆಲ್ಲಿನದು. ಬಾಡಿಗೆ ಮಾಲೀಕನಿಗೆ ಸಂದಿತು. ನೀರಿನ ಋಣ ಅವನ ಖಾತೆಗೆ ಸೇರುವುದಿಲ್ಲ. ಇನ್ನು ಜಂಗಮ ಅಂದರೆ ಹೋದ ಕಡೆಯೆಲ್ಲ ಜನಕ್ಕೆ ಒದಗುವವನು. ನಾನು ಹೋದ ಕಡೆಯೆಲ್ಲ ಅತಿಥಿ.

ನವೆಂಬರಿನಲ್ಲಿ ಕೆಲಸಕ್ಕೆಂದು ಛತ್ರಪತಿ ಸಂಭಾಜಿನಗರಕ್ಕೆ ಹೋಗಬೇಕಾಯಿತು. ಹಳೆಯ ಔರಂಗಾಬಾದ್. ಮನೆಯವರನ್ನೂ ಕರೆದುಕೊಂಡು ಭಾನುವಾರ ಎಲ್ಲೋರಕ್ಕೆ ಹೋದೆವು. 16ನೇ ಗುಹೆ, ಕೈಲಾಸ. ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ ಎಂಟನೇ ಶತಮಾನದಲ್ಲಿ ಮಾಡಿಸಿದ್ದು. ಕಟ್ಟಿದ್ದಲ್ಲ, ಗುಡ್ಡವನ್ನೇ ಮೇಲಿನಿಂದ ಕೆಳಗೆ ಕೊರೆದದ್ದು; ಮೊದಲು ಶಿಖರ, ಕೊನೆಗೆ ಅಂಗಳ. ಮಗ ತಲೆಯೆತ್ತಿ ನೋಡಿ, "ತಪ್ಪಾದ್ರ ಕಲ್ಲು ವಾಪಸ್ ಇಡಲಿಕ್ಕೆ ಬರಂಗಿಲ್ಲಲ್ಲ?" ಎಂದ. ಬರುವುದಿಲ್ಲ. ಶಿಖರಕ್ಕೆ ಉಳಿ ಹಚ್ಚಿದ ಕೈ ಅಂಗಳ ಮುಗಿಯುವುದನ್ನು ಕಂಡಿತೆಂಬ ಭರವಸೆಯೂ ಇಲ್ಲ.

ಎದೆ ಉಬ್ಬಿತು, ನಿಜ. ಆದರೆ ನನ್ನ ಪ್ರಶ್ನೆಗೆ ಅಲ್ಲಿ ಉತ್ತರವಿರಲಿಲ್ಲ. ಕೃಷ್ಣ ಆ ನೆಲದ ಒಡೆಯ, ಒಡೆಯ ಕಟ್ಟಿಸುವುದರಲ್ಲಿ ಏನು ಆಶ್ಚರ್ಯ? ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಕವಿರಾಜಮಾರ್ಗ ಹೇಳಿದ್ದನ್ನು ಪ್ರತಿ ನವೆಂಬರ್ ಒಂದಕ್ಕೆ ನಾನು ಆಫೀಸಿನಲ್ಲಿ ಹೆಮ್ಮೆಯಿಂದ ಹೇಳುವುದುಂಟು. ನಮ್ಮದಾಗಿತ್ತು ಎನ್ನಲು ಖರ್ಚಿಲ್ಲ. ಆ ನದಿಯ ಊರಿನ ಹೊಂಡಕ್ಕೆ ಆರು ಸಾವಿರ ಕೊಡಲು ಮಾತ್ರ ನಾನು ಬಾಡಿಗೆದಾರ.

ಉತ್ತರ ಸಿಕ್ಕಿದ್ದು ನಮ್ಮೂರಲ್ಲೇ. ನಾಶಿಕದ ಅಂಚಿನಲ್ಲಿ, ಮುಂಬೈ-ಆಗ್ರಾ ಹೆದ್ದಾರಿಯ ಪಕ್ಕದ ಗುಡ್ಡದಲ್ಲಿ ಪಾಂಡವಲೇಣಿ ಇದೆ, ಬೌದ್ಧ ಗುಹೆಗಳ ಸಾಲು. ಹದಿಮೂರು ವರ್ಷ ಅದರ ಕೆಳಗೇ ಓಡಾಡಿದ್ದೆ, ಹತ್ತಿರಲಿಲ್ಲ. ಎಲ್ಲೋರದಿಂದ ಬಂದ ಮರುವಾರ ಹತ್ತಿದೆವು. 17ನೇ ಗುಹೆಯಲ್ಲಿ ಪ್ರಾಕೃತ ಭಾಷೆಯ ಒಂದು ಬ್ರಾಹ್ಮಿ ಶಾಸನ. ಕೊಟ್ಟವನು ಇಂದ್ರಾಗ್ನಿದತ್ತ, ಧಮ್ಮದೇವನ ಮಗ, ಯವನ, ಉತ್ತರದ ದತ್ತಾಮಿತ್ರಿಯವನು. ಪರಊರಿನವನು ಎಂಬುದನ್ನು ಅವನು ಮುಚ್ಚಿಟ್ಟಿಲ್ಲ, ಹೆಸರಿನೊಡನೆ ಬರೆಸಿದ್ದಾನೆ. ತಂದೆತಾಯಿಯ ಪುಣ್ಯಕ್ಕೆಂದು, ಮಗ ಧಮ್ಮರಕ್ಖಿತನ ಜೊತೆಗೂಡಿ, ಸಂಘಕ್ಕೆ ಗುಹೆಯನ್ನೂ ಒಳಗೆ ಚೈತ್ಯವನ್ನೂ ಕೊರೆಸಿದ. ಜೊತೆಗೆ ನೀರಿನ ತೊಟ್ಟಿಗಳನ್ನೂ.

ಅವನು ಕೊನೆಗೆ ದತ್ತಾಮಿತ್ರಿಗೆ ಮರಳಿದನೇ ಎಂದು ಶಾಸನ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಬೇರು ಬಿಡುವುದು, ಋಣ ತೀರಿಸುವುದು ಎರಡೂ ಒಂದೇ ಎಂದು ನಾನು ಇಷ್ಟು ವರ್ಷ ತಪ್ಪು ತಿಳಿದಿದ್ದೆ. ಊರು ನಿನ್ನದೋ ಅಲ್ಲವೋ ಎಂಬ ಪ್ರಶ್ನೆ ಬಗೆಹರಿಯದೆಯೂ ಅಲ್ಲೊಂದು ತೊಟ್ಟಿ ಕೊರೆಸಬಹುದು. ನಾಳೆ ಇರುತ್ತೇನೋ ಇಲ್ಲವೋ, ನಿನ್ನೆಯ ನೀರಂತೂ ಕುಡಿದಾಗಿದೆ.

ಕಳೆದ ವಾರ ಕಾಕಾನ ಮನೆಗೆ ಹೋಗಿ ಆರು ಸಾವಿರ ಮುಂದಿಟ್ಟೆ. ಹೊಂಡ ಎಂದೋ ಮುಗಿದಿದೆ, ಲೆಕ್ಕವೂ ಮುಗಿದಿದೆ ಎಂದು ನಕ್ಕರು. ದುಡ್ಡು ಹೇಗೂ ಹೊಂದುತ್ತದೆ, ಪ್ರತಿ ಮೇ ತಿಂಗಳು ಹೂಳು ತೆಗೆಸುವಾಗ ನಿಂತು ನೋಡಿಕೊಳ್ಳುವ ಜನ ಸಿಗುವುದಿಲ್ಲ ಎಂದರು. ಮೇ ತಿಂಗಳಿಗೆ ನಾನು ಈ ಊರಲ್ಲಿ ಇರುತ್ತೇನೋ ಗೊತ್ತಿಲ್ಲ. ಹೆಸರು ಬರೆಸಿ ಬಂದೆ.