ರಕ್ಷಿಸುವವನ ವ್ಯಾಕುಲವು

ಅಪಾಯದಲ್ಲಿ ಬಿದ್ದವರನ್ನು ಎತ್ತುವವನು ತಾನೇ ಮನಸ್ಸಿನಲ್ಲಿ ಕುಸಿದರೆ ಅದು ಅವಿಶ್ವಾಸವೋ? ತನ್ನ ಕಳವಳವನ್ನು ವೈದ್ಯನಿಗೆ ಹೇಳಿಕೊಳ್ಳುವದು ದೇವರನ್ನು ಬಿಟ್ಟು ಮನುಷ್ಯನನ್ನು ನಂಬಿದಂತಾಗುವದೋ? ಇದನ್ನು ನಮ್ಮ ಸಭೆಗಳಲ್ಲಿ ಬಾಯಿಬಿಟ್ಟು ಕೇಳುವವರು ಕಡಿಮೆ; ಮನಸ್ಸಿನೊಳಗೆ ಕೇಳಿಕೊಳ್ಳುವವರು ಅನೇಕರು.

2022ನೆಯ ಇಸವಿ ಅಕ್ಟೋಬರ್ 15ರ ರಾತ್ರಿ ಅರಸೀಕೆರೆ ತಾಲ್ಲೂಕಿನ ಗಾಂಧಿನಗರದ ಹತ್ತಿರ, ಕ್ಷೇತ್ರಯಾತ್ರೆಯಿಂದ ಮರಳುತ್ತಿದ್ದವರ ವಾಹನವು ಬಸ್ಸಿಗೂ ಹಾಲಿನ ಲಾರಿಗೂ ನಡುವೆ ಸಿಕ್ಕಿ ನಜ್ಜುಗುಜ್ಜಾಯಿತು. ಒಂಬತ್ತು ಮಂದಿ ಸತ್ತರು. ಅವರಲ್ಲಿ ಮಕ್ಕಳೂ ಇದ್ದರು. ಸತ್ತವರಿಗಾಗಿ ನಾಡು ಮರುಗಿತು, ಅದು ಯುಕ್ತವೇ. ಆದರೆ ಇಂಥ ಸ್ಥಳಕ್ಕೆ ಮೊದಲು ಓಡಿಬರುವ ಪೊಲೀಸಿನವರನ್ನೂ 108ರ ವಾಹನದವರನ್ನೂ, ಬೇಲೂರಿನ ಕಾಫಿ ತೋಟಗಳಲ್ಲಿ ಆನೆಗೆ ಸಿಕ್ಕಿದವರನ್ನು ಹೊರುವ ಅರಣ್ಯ ಕಾವಲುಗಾರರನ್ನೂ, ನೀವು ಏನನ್ನು ಕಂಡಿರೆಂದು ಕೇಳುವವರಾರು?

ಹಳೇಬೀಡಿನ ಕಡೆಯ ನಮ್ಮ ಸಭೆಯಲ್ಲಿ ಆಂಬ್ಯುಲೆನ್ಸು ನಡಿಸುವ ಯೌವನಸ್ಥನೊಬ್ಬನಿದ್ದಾನೆ. ಒಮ್ಮೆ ಹಾಸನದ ದಾರಿಯಲ್ಲಿ ಅವನ ವಾಹನದಲ್ಲಿಯೇ ಒಂದು ಮಗು ಪ್ರಾಣಬಿಟ್ಟಿತು. ತರುವಾಯ ಅವನಿಗೆ ನಿದ್ರೆ ಹತ್ತಲಿಲ್ಲ. ಹಾರ್ನಿನ ಶಬ್ದಕ್ಕೆ ಬೆಚ್ಚುವನು. ಹೆಂಡತಿಯ ಮೇಲೆ ನಿಷ್ಕಾರಣವಾಗಿ ರೇಗುವನು. ಆರಾಧನೆಯಲ್ಲಿ ಮಗು ಅತ್ತರೆ ಎದ್ದು ಹೊರಗೆ ಹೋಗುವನು. “ಉಪದೇಶಿಗಳೇ, ಪ್ರಾರ್ಥಿಸಲು ಕಣ್ಣು ಮುಚ್ಚಿದರೆ ಆ ಮಗುವೇ ಕಾಣುತ್ತದೆ” ಅಂದನು. ಇನ್ನೂ ಹೆಚ್ಚಾಗಿ ಪ್ರಾರ್ಥಿಸು ಅಂದೆನು. ಕಣ್ಣು ಮುಚ್ಚಲಾರದವನಿಗೆ ಕಣ್ಣು ಮುಚ್ಚೆಂದು ಹೇಳಿದೆನು! ಸೆಮಿನರಿಯ ಕಲಿಕೆಯು ಅಂದು ನನ್ನ ಸಹಾಯಕ್ಕೆ ಬರಲಿಲ್ಲ.

ಆ ಮೇಲೆ ಎಲೀಯನ ಚರಿತ್ರೆಯನ್ನು ತಿರಿಗಿ ಓದಿದೆನು. ಕರ್ಮೆಲಿನಲ್ಲಿ ಬೆಂಕಿ ಇಳಿಯುವದನ್ನು ಕಂಡವನೇ ಅಡವಿಯ ಗಿಡದ ಕೆಳಗೆ ಮರಣವನ್ನು ಬೇಡಿದನು. ದೂತನು ಅವನನ್ನು ಗದರಿಸಲಿಲ್ಲ, ಪ್ರಸಂಗಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟನು, ತಿರಿಗಿ ಮಲಗಗೊಟ್ಟನು. ಎಲೀಯನು ಅವಿಶ್ವಾಸಿಯಾಗಿದ್ದನೆಂದು ಯಾವ ಸಭಾಹಿರಿಯನು ಹೇಳುವನು?

ವೈದ್ಯರು ಕಲಿಸುವದೂ ಇದಕ್ಕೆ ದೂರವಲ್ಲ. ಮೊದಲ ದಿನಗಳಲ್ಲಿ ಅಂಥವನನ್ನು ಬಲವಂತದಿಂದ ಮಾತಾಡಿಸಕೂಡದು. ಊಟ, ನಿದ್ರೆ, ಜೊತೆಯವರ ಸಂಗ, ಇವೇ ಬೇಕು. ಒಂದು ತಿಂಗಳು ಮೀರಿಯೂ ಆ ನೋಟವು ಬಿಡದಿದ್ದರೆ ಚಿಕಿತ್ಸೆ ಮಾಡಿಸಬೇಕು. ಅದರಲ್ಲಿ ಮಂತ್ರವೇನೂ ಇಲ್ಲ. ನುರಿತವರ ಎದುರಿನಲ್ಲಿ ಆ ನೆನಪನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸಿ, ಅದು ಮುಗಿದುಹೋದ ಸಂಗತಿಯೆಂದು ಮನಸ್ಸಿಗೆ ಕಲಿಸುವರು. ಗಾಂಧಿನಗರದ ಆ ರಾತ್ರಿಗೆ ಐದೇ ದಿನ ಮುಂಚೆ, ಅಕ್ಟೋಬರ್ 10ರಂದು, ಟೆಲಿ ಮಾನಸ್ ಎಂಬ ಸರಕಾರದ ಸೇವೆಯು ಆರಂಭವಾಗಿತ್ತು. ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. 14416ಕ್ಕೆ ಫೋನು ಮಾಡಿದರೆ ಹಗಲುರಾತ್ರಿ ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ. ಹೆಂಡದಂಗಡಿಯಲ್ಲಿ ಮರೆವನ್ನು ಕೊಂಡುಕೊಳ್ಳುವವರಿಗೆ ಇದನ್ನು ತಿಳಿಸಿರಿ.

ನಾನು ಆ ಯೌವನಸ್ಥನ ಬಳಿಗೆ ತಿರಿಗಿ ಹೋಗಿ, ಅಂದು ತಪ್ಪಾಗಿ ಹೇಳಿದೆನೆಂದು ಒಪ್ಪಿಕೊಂಡೆನು. ಪ್ರಾರ್ಥನಾಲಯದ ಜಗಲಿಯ ಮೇಲೆ ಕೂತು ಅವನೇ ಆ ಅಂಕೆಗಳನ್ನು ಒತ್ತಿದನು. ಅವನ ಮಾತು ನನ್ನ ಕಿವಿಗೆ ಬೀಳದ ಹಾಗೆ ನಾನು ಹಲಸಿನ ಮರದ ತನಕ ನಡೆದುಹೋದೆನು. ಈಗ ಹಾಸನದಲ್ಲಿ ಚಿಕಿತ್ಸೆ ನಡೆಯುತ್ತಿದೆ. ಕಳೆದ ಭಾನುವಾರ ಆರಾಧನೆಯಲ್ಲಿ ಒಂದು ಕೂಸು ಅತ್ತಿತು. ಅವನು ಎದ್ದು ಬಾಗಿಲ ವರೆಗೆ ಹೋದನು. ಕಡೇ ಕೀರ್ತನೆಗೆ ಮುಂಚೆ ಒಳಗೆ ಬಂದು ಹೆಂಡತಿಯ ಪಕ್ಕದಲ್ಲಿ ಕೂತನು.