ಜೀರ್ಣೋದ್ಧಾರವೂ ಸತ್ಯವೂ

ಕೆರೆ, ಬಾವಿ, ದೇವಾಲಯಗಳು ಜೀರ್ಣವಾದಲ್ಲಿ ಅವುಗಳನ್ನು ಉದ್ಧರಿಸುವುದು ಹೊಸದಾಗಿ ಕಟ್ಟಿಸುವುದಕ್ಕಿಂತಲೂ ಮೇಲಾದ ಪುಣ್ಯವೆಂಬ ನಂಬಿಕೆಯು ನಮ್ಮಲ್ಲಿ ಬಹು ಹಿಂದಿನದು. ಆದರೆ ಉದ್ಧರಿಸತಕ್ಕ ವಸ್ತುವು ಯುದ್ಧದ ಉಪಕರಣವಾಗಿದ್ದರೆ? ಉದ್ಧರಿಸುವವನು ಅರಸನೂ ಅಲ್ಲದೆ, ಧರ್ಮದರ್ಶಿಯೂ ಅಲ್ಲದೆ, ಮನೆಯ ಹಿಂದಣ ಕೊಠಡಿಯಲ್ಲಿ ರಜಾದಿನಗಳನ್ನು ಕಳೆಯುವ ಸಾಮಾನ್ಯ ಗೃಹಸ್ಥನಾಗಿದ್ದರೆ? ಅಮೆರಿಕ, ಇಂಗ್ಲೆಂಡು, ಫ್ರಾನ್ಸು ಮೊದಲಾದ ದೇಶಗಳಲ್ಲಿ ಎರಡನೆಯ ಮಹಾಯುದ್ಧದ ಜೀಪುಗಳನ್ನು ಹೀಗೆ ಮನೆಯಲ್ಲಿಯೇ ಬಿಚ್ಚಿ, ತಿದ್ದಿ, ಮರಳಿ ಓಡಿಸುವ ಮಂದಿ ಬಹಳವಾಗಿದ್ದಾರೆ. ಇದನ್ನು ಹಣವುಳ್ಳವರ ವಿನೋದವೆಂದು ತಳ್ಳಿಬಿಡುವುದು ಸುಲಭ. ಒಳಹೊಕ್ಕು ನೋಡಿದರೆ ತರ್ಕಶಾಸ್ತ್ರದ ಒಂದು ಹಳೆಯ ಕಗ್ಗಂಟೂ, ಅದಕ್ಕಿಂತ ಬಿಗಿಯಾದ ಒಂದು ಧರ್ಮಪ್ರಶ್ನೆಯೂ ಅಲ್ಲಿ ಅಡಗಿರುವುದು ಕಾಣುವುದು.

1940ರಲ್ಲಿ ಅಮೆರಿಕದ ಸೈನ್ಯವು, ಹಗುರವಾಗಿಯೂ ನಾಲ್ಕು ಗಾಲಿಗಳಿಗೂ ಯಂತ್ರಬಲವುಳ್ಳದ್ದಾಗಿಯೂ ಇರುವ ವಾಹನವೊಂದು ತನಗೆ ಬೇಕೆಂದು ಕಾರ್ಖಾನೆಗಳಿಗೆ ಸಾರಿತು. ಬ್ಯಾಂಟಮ್ ಎಂಬ ಚಿಕ್ಕ ಸಂಸ್ಥೆಯು ಆ ಸೆಪ್ಟೆಂಬರಿನಲ್ಲಿಯೇ ಮೊದಲ ಮಾದರಿಯನ್ನು ಒಪ್ಪಿಸಿತು. ಫಲವು ಮಾತ್ರ ಬಹುಪಾಲು ವಿಲ್ಲೀಸ್ ಮತ್ತು ಫೋರ್ಡ್ ಕಾರ್ಖಾನೆಗಳಿಗೆ ಸಂದಿತು. ಬಿತ್ತಿದವನೊಬ್ಬ, ಕೊಯ್ದವನೊಬ್ಬ. 1945ರ ವೇಳೆಗೆ 6 ಲಕ್ಷಕ್ಕೂ ಮೇಲ್ಪಟ್ಟು ಜೀಪುಗಳು ಹೊರಬಿದ್ದವು. ಒಂದು ಕಾರ್ಖಾನೆಯ ಭಾಗವು ಇನ್ನೊಂದರ ಜೀಪಿಗೆ ಕೂಡಬೇಕೆಂಬುದು ಸೈನ್ಯದ ಅಪೇಕ್ಷೆಯಾಗಿತ್ತು. ಆದರೂ ಫೋರ್ಡಿನವರು ತಮ್ಮ ಬೋಲ್ಟುಗಳ ತಲೆಯ ಮೇಲೆ ‘ಎಫ್’ ಎಂಬ ಅಕ್ಷರವನ್ನು ಅಚ್ಚೊತ್ತಿದರು. ಈ ಪುಟ್ಟ ಅಕ್ಷರವು ಮುಂದೆ ಎಷ್ಟು ಸಂಕಟಕ್ಕೆ ಕಾರಣವಾದೀತೆಂದು ಆಗ ಯಾರು ಬಲ್ಲರು?

ಹೊಲದ ಮೂಲೆಯಲ್ಲಿ ದಶಕಗಳ ಕಾಲ ಮಳೆಯಲ್ಲಿ ನೆನೆದ ಜೀಪು ಕೈಗೆ ಬಂದಾಗ ಮೊದಲು ಕಾಣುವುದು ತುಕ್ಕು. ನೆಲದ ತಗಡಿನ ಅಡಿಯಲ್ಲಿ ಬಲಕ್ಕೆಂದು ಸೇರಿಸಿದ್ದ ಮರದ ಪಟ್ಟಿಯು ನೀರನ್ನು ಹೀರಿ, ತಾನೂ ಕೊಳೆತು, ತನ್ನನ್ನು ಅಪ್ಪಿದ ಉಕ್ಕನ್ನೂ ತಿಂದಿರುತ್ತದೆ. ಆಶ್ರಯವಿತ್ತವನನ್ನೇ ಕೆಡಿಸುವ ಮಿತ್ರನಂತೆ. ಬಿಗಿದುಹೋದ ಎಂಜಿನ್ನಿನ ಸಿಲಿಂಡರುಗಳಿಗೆ ಎಣ್ಣೆಯೆರೆದು ದಿನಗಟ್ಟಲೆ ಕಾಯಬೇಕು. ಅವಸರಪಟ್ಟು ಬಲವನ್ನು ಪ್ರಯೋಗಿಸಿದವನು ಇದ್ದುದನ್ನೂ ಮುರಿದುಕೊಳ್ಳುವನು. ಹೀಗೆ ಕೆಟ್ಟ ಭಾಗಗಳನ್ನು ಒಂದೊಂದಾಗಿ ತೆಗೆದು ಹೊಸವನ್ನು ಕೂಡಿಸುತ್ತ ಹೋದರೆ, ಎಲ್ಲಿಯ ವರೆಗೆ ಅದು ‘ಅದೇ’ ಜೀಪು?

ಪ್ರಶ್ನೆಯೇನೋ ಪುರಾತನವಾದುದು. ಮಿಲಿಂದರಾಜನಿಗೆ ನಾಗಸೇನನು ರಥದ ಗಾಲಿ, ಅಚ್ಚು, ನೊಗಗಳನ್ನು ಒಂದೊಂದಾಗಿ ತೋರಿಸಿ, ರಥವೆಂಬುದು ಇವುಗಳನ್ನು ಆಶ್ರಯಿಸಿದ ಒಂದು ವ್ಯವಹಾರನಾಮವೆಂದನು. ಗ್ರೀಕರಲ್ಲಿ ಪ್ಲೂಟಾರ್ಕನು ಥೀಸಿಯಸನ ಹಡಗಿನ ವಿಷಯವಾಗಿ ಇದನ್ನೇ ಎತ್ತಿದನು. 17ನೆಯ ಶತಮಾನದ ಹಾಬ್ಸನು, ತೆಗೆದುಹಾಕಿದ ಹಲಗೆಗಳನ್ನು ಯಾವನಾದರೂ ಕೂಡಿಟ್ಟು ಇನ್ನೊಂದು ಹಡಗನ್ನು ಕಟ್ಟಿದರೆ ಯಾವುದು ನಿಜವಾದುದೆಂದು ಕೇಳಿ ಗಂಟನ್ನು ಇನ್ನೂ ಬಿಗಿದನು. ನಮ್ಮ ನೈಯಾಯಿಕರ ಮಾರ್ಗವೇ ಬೇರೆ. ಅವರ ಮತದಲ್ಲಿ ಅವಯವಿಯು ಅವಯವಗಳಿಂದ ಭಿನ್ನವಾದ ನಿಜವಸ್ತು. ಆದರೆ ಬಟ್ಟೆಯಿಂದ ಒಂದು ನೂಲನ್ನು ಕಿತ್ತರೂ ಹಿಂದಿನ ಬಟ್ಟೆಯು ನಾಶವಾಗಿ ಖಂಡಪಟವೆಂಬ ಬೇರೊಂದು ಹುಟ್ಟುವುದು. ‘ಅದೇ ಇದು’ ಎಂಬ ಪ್ರತ್ಯಭಿಜ್ಞೆಯು, ನಿನ್ನೆಯ ಔಷಧವನ್ನೇ ಇಂದೂ ಸೇವಿಸಿದೆನೆಂಬಂತೆ, ಕೆಲವೆಡೆ ಜಾತಿಸಾಮ್ಯದಿಂದ ಮಾತ್ರ ಉಂಟಾಗುವುದು. ಈ ಲೆಕ್ಕದಲ್ಲಿ ಒಂದು ಬೋಲ್ಟನ್ನು ಬದಲಾಯಿಸಿದೊಡನೆಯೇ ಹಳೆಯ ಜೀಪು ತೀರಿಹೋಯಿತು. ಇಷ್ಟು ಕಟ್ಟುನಿಟ್ಟು ಲೋಕವ್ಯವಹಾರಕ್ಕೆ ಒಗ್ಗದು, ನಿಜ. ಆದರೆ ಸಾಮ್ಯವನ್ನು ಅಭೇದವೆಂದು ಭ್ರಮಿಸಬೇಡವೆಂಬ ಅವರ ಎಚ್ಚರಿಕೆಯು ಈ ಸಂದರ್ಭದಲ್ಲಿ ಬಹಳ ಉಪಯುಕ್ತವಾದುದು.

ಏಕೆಂದರೆ ಜೀಪಿನ ‘ಮೂಲರೂಪ’ವೆಂಬುದೇ ಸಂದಿಗ್ಧ. ಯುದ್ಧಾನಂತರ ಫ್ರೆಂಚ್ ಸೈನ್ಯದವರು ಪ್ಯಾರಿಸಿನ ಬಳಿಯ ಮಾಲ್ತೂರ್ನೇ ಕಾರ್ಯಾಗಾರದಲ್ಲಿ ಜೀಪುಗಳನ್ನು ಪೂರ್ತಿಯಾಗಿ ಬಿಚ್ಚಿ, ಭಾಗಗಳನ್ನು ಒಟ್ಟಿಗೆ ಬೆರೆಸಿ, ಪುನಃ ಜೋಡಿಸುತ್ತಿದ್ದರು. ವಿಲ್ಲೀಸಿನ ಚೌಕಟ್ಟಿಗೆ ಫೋರ್ಡಿನ ಒಡಲು ಸೇರಿದುದು ಅಲ್ಲಿ ದೋಷವೆನಿಸಲಿಲ್ಲ. ಇಂದಿನ ಗೃಹಸ್ಥನು ಅಂಥ ಜೀಪಿನಿಂದ ‘ಪರಕೀಯ’ ಭಾಗಗಳನ್ನು ಹುಡುಕಿ ಕಿತ್ತೊಗೆದು ಶುದ್ಧ ಫೋರ್ಡನ್ನು ಸಾಧಿಸಿದರೆ, ಉದ್ಧಾರವಾದುದು ಯಾವುದು? ಸೈನ್ಯದಲ್ಲಿ ನಿಜವಾಗಿ ದುಡಿದ ವಾಹನವನ್ನು ಅಳಿಸಿ, ಕಾರ್ಖಾನೆಯ ಪಟ್ಟಿಯಲ್ಲಿರುವ ವಾಹನವನ್ನು ಕಟ್ಟಿದಂತಾಯಿತು. ಶುದ್ಧಿಯ ಹಂಬಲವು ಎಷ್ಟೋ ವೇಳೆ ಇತಿಹಾಸದ ವೈರಿ.

ಇಲ್ಲಿಂದ ಮುಂದೆ ಪ್ರಶ್ನೆಯು ತರ್ಕದ ಗಡಿಯನ್ನು ದಾಟುವುದು. ‘ಎಫ್’ ಅಚ್ಚುಳ್ಳ ಹೊಸ ಬೋಲ್ಟುಗಳೂ, ಹಳೆಯವುಗಳಂತೆಯೇ ಕಾಣುವ ಹೊಸ ವಿವರಫಲಕಗಳೂ ಈಗ ಅಂಗಡಿಯಲ್ಲಿ ದೊರೆಯುತ್ತವೆ. ಅವನ್ನು ಕೊಂಡು ಹಾಕಿಕೊಳ್ಳುವುದು ತಪ್ಪಲ್ಲ. ಆದರೆ ಅವನ್ನು ತೋರಿಸಿ ಹೆಚ್ಚು ಬೆಲೆಗೆ ಮಾರುವುದು ಕಳ್ಳನಾಣ್ಯದ ವ್ಯಾಪಾರವೇ ಸರಿ. ಇದಕ್ಕಿಂತ ಸೂಕ್ಷ್ಮವಾದುದು ಬಣ್ಣದ ವಿಷಯ. ಎಷ್ಟೋ ಜೀಪುಗಳು ಯಾವ ದಳದಲ್ಲಿದ್ದವೆಂಬುದಕ್ಕೆ ದಾಖಲೆ ಉಳಿದಿಲ್ಲ. ಒಡೆಯನು ಯಾವುದೋ ಹೆಸರಾಂತ ದಳದ ಚಿಹ್ನೆಯನ್ನು ಬರೆಯಿಸುತ್ತಾನೆ. ಮೆರವಣಿಗೆಯಲ್ಲಿ ನೋಡುವವರು ಕೈಮುಗಿಯುತ್ತಾರೆ. ಆ ದಳದಲ್ಲಿ ಮಗನನ್ನೋ ತಂದೆಯನ್ನೋ ಕಳೆದುಕೊಂಡ ಮನೆಯವರೂ ಅವರಲ್ಲಿರಬಹುದು. ಅವರ ಕಣ್ಣೀರಿಗೆ ಎದುರಾಗಿ ನಿಂತಿರುವುದು ಎಂದೂ ಕಡಲು ದಾಟದಿದ್ದ ವಾಹನವಾಗಿದ್ದರೆ, ಬಾಯಿಂದ ಒಂದು ಮಾತನ್ನೂ ಆಡದೆ ಸುಳ್ಳುಸಾಕ್ಷಿ ಹೇಳಿದಂತಾಗಲಿಲ್ಲವೆ? ಗೌರವದಿಂದಲೇ ಮಾಡಿದೆನೆಂಬ ಸಮಾಧಾನವನ್ನು ಆತನು ಹೇಳಬಹುದು. ಸತ್ತವರ ಗೌರವಕ್ಕೆ ಸುಳ್ಳಿನ ಊರೆಗೋಲು ಬೇಡ.

ಯುದ್ಧದ ವಸ್ತುವನ್ನು ಮನೆಯಲ್ಲಿಟ್ಟು ಪ್ರೀತಿಸುವುದೇ ಹಿಂಸೆಯ ಆರಾಧನೆಯೆಂಬ ಆಕ್ಷೇಪವೂ ಉಂಟು. ಇದು ಪೂರ್ಣವಾಗಿ ನಿಲ್ಲದು. 1944ರಲ್ಲಿ ಇಂಫಾಲ, ಕೊಹಿಮಾಗಳ ಬೆಟ್ಟದ ದಾರಿಗಳಲ್ಲಿ ಗಾಯಾಳುಗಳನ್ನು ಹೊತ್ತುತಂದುದೂ ಜೀಪೇ. ಯುದ್ಧ ಮುಗಿದ ಮೇಲೆ ಅದು ಹೊಲ ಉತ್ತಿತು, ಹಾಲು ಸಾಗಿಸಿತು. ನಮ್ಮ ದೇಶದಲ್ಲಿಯೂ ಮಹೀಂದ್ರ ಸಂಸ್ಥೆಯವರು ವಿಲ್ಲೀಸ್ ಜೀಪನ್ನು ಜೋಡಿಸಿದ ಬಳಿಕ ಅದು ಸರ್ಕಾರಿ ಕಛೇರಿಗಳಿಗೂ ಮಲೆನಾಡಿನ ತೋಟಗಳಿಗೂ ಮನೆಮಾತಾಯಿತು. ಹೀಗಿರುವಾಗ ಮೂರು ವರ್ಷದ ಸೈನಿಕಜೀವನವೊಂದೇ ಅದರ ನಿಜಜೀವನ, ಮೂವತ್ತು ವರ್ಷದ ಬೇಸಾಯವೆಲ್ಲ ಒರಸಿಹಾಕತಕ್ಕ ಮಲಿನವೆಂದು ಎಣಿಸುವುದರಲ್ಲಿ ಮಾತ್ರ ಆ ಆಕ್ಷೇಪಕ್ಕೆ ನೆಲೆಯಿದೆ.

ಹಳೆಯ ಕಟ್ಟಡಗಳನ್ನು ಕುರಿತು 1964ರಲ್ಲಿ ವೆನಿಸ್ ನಗರದಲ್ಲಿ ತಜ್ಞರು ಮಾಡಿದ ನಿರ್ಣಯದಲ್ಲಿ, ಎಲ್ಲ ಕಾಲಗಳ ಸಾರ್ಥಕವಾದ ಸೇರ್ಪಡೆಗಳನ್ನೂ ಮನ್ನಿಸಬೇಕು, ಹೊಸ ಭಾಗವು ಹಳೆಯದರೊಡನೆ ಹೊಂದಿಕೊಂಡಿದ್ದರೂ ಗುರುತಿಸಲು ಬರುವಂತಿರಬೇಕು ಎಂಬ ನಿಯಮಗಳಿವೆ. ಜೀಪಿನ ಒಡೆಯನಿಗೂ ಇದು ಅಸಾಧ್ಯವಲ್ಲ. ಹೊಸ ತಗಡಿನ ಒಳಮೈಯಲ್ಲಿ ಇಸವಿಯನ್ನು ಕೊರೆಯಬಹುದು. ಏನನ್ನು ತೆಗೆದೆ, ಏನನ್ನು ಹಾಕಿದೆ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟು, ವಾಹನವನ್ನು ಕೈಬಿಡುವಾಗ ಅದನ್ನೂ ಜೊತೆಗೆ ಕೊಡಬಹುದು. ಬಣ್ಣವನ್ನು ಕೆರೆಯುವಾಗ ರೈತನ ಕೆಂಪಿನ ಕೆಳಗೆ ಸೈನ್ಯದ ಹಸುರೂ, ಅದರ ಮೇಲೆ ಮಸುಕಾದ ಬಿಳಿಯ ಅಂಕೆಗಳೂ ಕಾಣಿಸಿಕೊಂಡಲ್ಲಿ, ಒಂದು ಗೇಣಿನಷ್ಟು ಜಾಗವನ್ನಾದರೂ ಮೂರು ಪದರಗಳೂ ತೋರುವಂತೆ ಹಾಗೆಯೇ ಬಿಡಬಹುದು.